ಹನ್ನೊಂದು ವರ್ಷದ ಕೆಂಪು

ನಮ್ಮೂರಿನಲ್ಲಿ ಯಾರಾದರೂ ಹೊಸ ಗಡಿಯಾರ ತಂದರೆ ನೆರೆಯವರು ಎಲ್ಲಿ ತಂದಿರಿ, ಎಷ್ಟಕ್ಕೆ ತಂದಿರಿ ಎಂದು ಕೇಳುವುದಿಲ್ಲ. ಇವತ್ತಿಗೆ ಎಷ್ಟನೇ ದಿನ ಎಂದು ಕೇಳುತ್ತಾರೆ. ಹಳೆಯದರ ಕೆಲಸಕ್ಕೆಂದು ಹೊಸತೊಂದು ಬಂದರೆ ಆ ಎರಡೂ ಊರೊಳಗೆ ಏಳು ದಿನ ಮಾತ್ರ ಜೊತೆಗಿರಬಹುದು. ಏಳನೆಯ ದಿನ ಹೊತ್ತು ಮುಳುಗುವುದರೊಳಗೆ ಎರಡರಲ್ಲೊಂದು ಊರ ಗಡಿಕಲ್ಲು ದಾಟಿ ಹೋಗಬೇಕು. ಹೋಗದಿದ್ದರೆ ಎರಡೂ ನಿಂತುಬಿಡುತ್ತವೆ; ಗಡಿಯಾರವಾದರೆ ಮುಳ್ಳು ನಿಲ್ಲುತ್ತದೆ, ಗಂಟೆಯಾದರೆ ಮೂಕವಾಗುತ್ತದೆ, ಕತ್ತರಿಯಾದರೆ ಬಟ್ಟೆಯನ್ನು ಸುಮ್ಮನೆ ಕಚ್ಚುತ್ತದೆ. ಆ ಏಳು ದಿನಗಳೊಳಗೆ ಜೋಡಿಯಲ್ಲಿ ಯಾವುದು ಗಡಿ ದಾಟಿದರೂ ಅದು ನಮ್ಮೂರಿನಲ್ಲಿ ಮತ್ತೆ ಕೆಲಸ ಮಾಡುವುದಿಲ್ಲ. ಹೀಗಾಗಿ ಮದುವೆಗೆ ಉಡುಗೊರೆ ಕೊಡುವವರು ಮೊದಲು ಆ ಮನೆಯ ಅಡುಗೆಕೋಣೆಯನ್ನು ಇಣುಕಿ ನೋಡಿ ಬರುತ್ತಾರೆ. ಹೊಸ ಚಪ್ಪಲಿ ಕೊಂಡವರು ಏಳು ದಿನ ಕಾಲು ಕಚ್ಚಿಸಿಕೊಂಡು ಓಡಾಡಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ಸೊಸೆ ಬಂದ ಮೇಲೆ ಅತ್ತೆಯನ್ನು ಗಡಿಯಾಚೆ ಬಿಟ್ಟು ಬರಬೇಕೇನು ಎಂದು ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ, ಜನ ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ನಗುತ್ತಾರೆ.

ಮನೆಯವರಿಗೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನವಾಗದಿದ್ದಾಗ ನನ್ನ ಬಳಿ ತರುತ್ತಾರೆ. ಎರಡನ್ನೂ ನಾನು ಬಳಸಿ ನೋಡಬೇಕು, ಒಂದನ್ನು ಉಳಿಸಬೇಕು, ಇನ್ನೊಂದನ್ನು ನಾನೇ ಹೊತ್ತು ಗಡಿ ದಾಟಿಸಿ ಬರಬೇಕು. ಇದಕ್ಕೆ ನಮ್ಮಲ್ಲಿ ತೂಗುವುದು ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ತೂಗುತ್ತಿದ್ದೇನೆ. ಬೀಸುವ ಕಲ್ಲು, ಲಾಟೀನು, ಹೊಲಿಗೆ ಯಂತ್ರ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು, ಎಲ್ಲವೂ ನನ್ನ ಕೈ ಹಾಯ್ದು ಹೋಗಿವೆ. ಅಕ್ಷರ ಕಲಿತದ್ದು ತಡವಾಗಿ, ಐವತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿಶಾಲೆಯ ಚಾಪೆಯ ಮೇಲೆ. ಅದಕ್ಕೇ ಇರಬೇಕು, ಯಾವುದನ್ನೂ ಬೇಗ ಓದಿ ಮುಗಿಸುವ ಚಟ ನನಗಿಲ್ಲ.

ಶಿವಲೀಲಾ ಎರಡು ಲ್ಯಾಪ್‌ಟಾಪುಗಳನ್ನು ತಂದು ನನ್ನ ಕಟ್ಟೆಯ ಮೇಲಿಟ್ಟದ್ದು ಒಂದು ಸೋಮವಾರ ಮುಂಜಾನೆ. ಈಕೆ ನಮ್ಮೂರ ಸೀರೆಗಳಿಗೆ ಅಂಚು ಸೆರಗುಗಳ ಚಿತ್ತಾರ ಬರೆಯುವವಳು. ಲ್ಯಾಪ್‌ಟಾಪಿನಲ್ಲಿ ಚೌಕ ಚೌಕವಾಗಿ ಚಿತ್ತಾರ ಬಿಡಿಸಿ, ಬಣ್ಣ ತುಂಬಿ, ಅದನ್ನು ಹೊತ್ತುಕೊಂಡು ಮಗ್ಗದಿಂದ ಮಗ್ಗಕ್ಕೆ ತಿರುಗುತ್ತಾಳೆ. ನೇಕಾರರು ಪರದೆಯ ಮೇಲಿನ ಚೌಕ ಎಣಿಸಿ ಎಳೆ ಎತ್ತುತ್ತಾರೆ. ನಲವತ್ತೆರಡು ಮಗ್ಗಗಳು, ಹನ್ನೊಂದು ವರ್ಷ, ಒಂದೇ ಲ್ಯಾಪ್‌ಟಾಪು.

"ಆಯಿ, ಇದನ್ನ ನೀನ ತೂಗಬೇಕು. ನನ್ನ ಕೈಲೆ ಆಗೂದಿಲ್ಲ," ಎಂದಳು. ಊರ ಹುಡುಗಿಯರೆಲ್ಲ ನನ್ನನ್ನು ಕರೆಯುವುದು ಹಾಗೆಯೇ.

"ಯಾಕ, ನಿನಗ ಗೊತ್ತಿಲ್ಲದ್ದು ನನಗೇನು ಗೊತ್ತಿರತೈತಿ?"

"ಹಳೇದು ನೋಡಿದ್ರ ಅಳು ಬರತೈತಿ, ಹೊಸಾದು ನೋಡಿದ್ರ ನಗು ಬರತೈತಿ. ಇಂಥಾಕಿ ಏನು ತೂಗ್ಯಾಳು?"

ಅವಳ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳುವುದನ್ನು ಬಿಟ್ಟು ತುರುಬು ಸುತ್ತಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಹಳೆಯದನ್ನು ಇನ್ನೊಂದು ವರ್ಷ ಹೊತ್ತರೆ ಆ ತೋಳು ಪೂರ್ತಿ ಬಿದ್ದುಹೋಗುತ್ತದೆ, ಈಗಲೇ ಬೇರೆ ಕೆಲಸ ನೋಡಿಕೋ ಎಂದು ಡಾಕ್ಟರು ಹೇಳಿದ್ದರು. ನೇಕಾರರ ಸಂಘದವರು ಅದನ್ನು ಕೇಳಿ ಹೊಸತನ್ನು ತರಿಸಿಕೊಟ್ಟಿದ್ದರು. ಹೊಸತು ಉಳಿದರೆ ಶಿವಲೀಲಾ ಉಳಿಯುತ್ತಾಳೆ, ಹಳತು ಉಳಿದರೆ ಅವಳು ಕೆಲಸ ಬಿಡಬೇಕು. ಅಷ್ಟು ಸರಳವಾಗಿದ್ದರೆ ನನ್ನವರೆಗೆ ಬರುವುದೇ ಬೇಡವಿತ್ತು ಎಂದು ಅಂದುಕೊಂಡೆ. ಅದು ಸರಳವಲ್ಲ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಮೊದಲು ನೂಲಿನ ತಕ್ಕಡಿಯಲ್ಲಿ ಎರಡನ್ನೂ ಇಟ್ಟೆ. ಹಳತು ಅದರ ಚಾರ್ಜರಿನ ಜೊತೆ ಮೂರೂಮುಕ್ಕಾಲು ಕಿಲೋ ತೂಗಿತು. ಹೊಸತು ಒಂದು ಕಿಲೋ ನೂರು ಗ್ರಾಂ. ಹೊಸತನ್ನು ಒಂದೇ ಕೈಯಲ್ಲಿ ಎತ್ತಿದಾಗ, ಒಳಗೆ ಏನೂ ಇಲ್ಲವೇನೋ ಎಂದು ನಾನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಶಿವಲೀಲಾ ಹೌಹಾರಿ ನನ್ನ ಕೈ ಹಿಡಿದಳು. "ಆಯಿ, ಅದು ತೆಂಗಿನಕಾಯಿ ಅಲ್ಲ," ಎಂದಳು.

ಮೊದಲ ದಿನವೆಲ್ಲ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ಹಳೆಯದರ ಗುಂಡಿ ಒತ್ತಿ ಒಲೆಯ ಮೇಲೆ ಚಹಾಕ್ಕಿಟ್ಟೆ. ಚಹಾ ಕುದಿದು, ಸೋಸಿ, ಕುಡಿದು, ಲೋಟ ತೊಳೆದು ಬಂದಾಗ ಅದು ಕಣ್ಣು ತೆರೆಯುತ್ತಿತ್ತು. ತೆರೆದ ಮೇಲೂ ಅದರ ಒಳಗಿನ ಪಂಖ ಮುದಿ ಬೆಕ್ಕಿನಂತೆ ಗುರುಗುಟ್ಟುತ್ತಲೇ ಇತ್ತು, ತೊಡೆಯ ಮೇಲಿಟ್ಟುಕೊಂಡರೆ ಸೀರೆಯ ಒಳಗೂ ಬಿಸಿ ತಾಗುತ್ತಿತ್ತು. ಗೋಡೆಯ ಪ್ಲಗ್ಗಿನಿಂದ ವೈರು ಎಳೆದರೆ ಹತ್ತು ಎಣಿಸುವುದರೊಳಗೆ ಆರಿಹೋಗುತ್ತಿತ್ತು. ಕುಣಿಮಗ್ಗಗಳಲ್ಲಿ ನೇಕಾರರು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾರೆ, ಪ್ಲಗ್ಗು ದೂರದ ಗೋಡೆಯಲ್ಲಿರುತ್ತದೆ. ಆ ವೈರು ಎಡವಿ ಹಳತು ಎರಡು ಸಲ ಗುಂಡಿಗೆ ಬಿದ್ದಿತ್ತಂತೆ. ಬಿದ್ದರೂ ಸಾಯಲಿಲ್ಲ. ಅದರ ಮುಚ್ಚಳದ ಕೀಲು ಮುರಿದಲ್ಲಿ ಶಿವಲೀಲಾ ರೇಷ್ಮೆ ಎಳೆಯಿಂದ ಹೊಲಿದಿದ್ದಳು. ಸವೆದುಹೋದ ಅಕ್ಷರಗಳನ್ನು ಉಗುರಿನ ಬಣ್ಣದಿಂದ ತಿದ್ದಿದ್ದಳು. ಅದರ ಕೀಲಿಗಳು ಆಳವಾಗಿದ್ದವು, ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿತ್ತು. ನನಗೆ ಅದು ಇಷ್ಟವಾಯಿತು. ಇಲ್ಲವೆನ್ನಲಾರೆ.

ಹೊಸತು ಬೇರೆ ಜಾತಿಯದು. ಮುಚ್ಚಳ ಎತ್ತುವಷ್ಟರಲ್ಲಿ ಚಿತ್ತಾರ ಎದುರಿಗೆ ಬಂದು ನಿಂತಿರುತ್ತಿತ್ತು. ಸದ್ದೇ ಇಲ್ಲ. ಬೆಳಿಗ್ಗೆ ತುಂಬಿಸಿದರೆ ದೀಪ ಹಚ್ಚುವ ಹೊತ್ತಿಗೂ ಅದರಲ್ಲಿ ಅರ್ಧ ಜೀವ ಉಳಿದಿರುತ್ತಿತ್ತು. ಹಳೆಯದರಲ್ಲಿ ಒಂದು ಸೆರಗಿನ ಚಿತ್ತಾರ ದೊಡ್ಡದು ಮಾಡಿ ನೋಡಬೇಕೆಂದರೆ ಅದು ತುಂಡು ತುಂಡಾಗಿ ಬರುತ್ತಿತ್ತು, ಮೊದಲು ನವಿಲಿನ ಕಾಲು, ಆಮೇಲೆ ಹೊಟ್ಟೆ, ಬಹಳ ಹೊತ್ತಿನ ನಂತರ ತಲೆ. ಹೊಸತರಲ್ಲಿ ನವಿಲು ಇಡಿಯಾಗಿ ಬಂತು, ಗರಿಯ ಒಂದೊಂದು ಕಣ್ಣೂ ಎಣಿಸುವಷ್ಟು ಸ್ವಚ್ಛವಾಗಿ. ನಾನು ಅದನ್ನು ದೊಡ್ಡದು ಮಾಡಿದೆ, ಸಣ್ಣದು ಮಾಡಿದೆ, ಮತ್ತೆ ದೊಡ್ಡದು ಮಾಡಿದೆ. ನನ್ನ ವಯಸ್ಸಿಗೆ ಹಾಗೆ ಆಡಬಾರದು, ಆದರೆ ಆಡಿದೆ. ಅದಕ್ಕಿದ್ದ ಕೊರತೆ ಒಂದೇ, ವೈರು ಚುಚ್ಚಲು ಎರಡೇ ತೂತು. ಹಳೆಯದಕ್ಕೆ ಜೇನುಗೂಡಿನಷ್ಟಿದ್ದವು. ಪೆನ್‌ಡ್ರೈವ್ ಹಾಕಬೇಕಾದರೆ ನಡುವೆ ಇನ್ನೊಂದು ಕೊಂಡಿ ಬೇಕಾಯಿತು. ಆ ಕೊಂಡಿಯ ಮೂಲಕ ಶಿವಲೀಲಾ ಹಳೆಯದರಲ್ಲಿದ್ದ ನಾನೂರ ಹನ್ನೆರಡು ಚಿತ್ತಾರಗಳನ್ನೂ ಹೊಸತಕ್ಕೆ ಸಾಗಿಸಿದಳು. ಹಳತು ಎರಡು ತಾಸು ಕೊಟ್ಟಿತು, ಹೊಸತು ಉಸಿರು ಬಿಡದೆ ತೆಗೆದುಕೊಂಡಿತು.

ಬುಧವಾರ ನಾವಿಬ್ಬರೂ ಹೊಸತನ್ನು ಮಗ್ಗಗಳಿಗೆ ತೆಗೆದುಕೊಂಡು ಹೋದೆವು. ಮೊದಲ ಮಗ್ಗ ಕಾಡಪ್ಪನದು. ಸಂಘದಲ್ಲಿ ಹಿರಿಯ, ನಾಲಗೆ ಸ್ವಲ್ಪ ಉದ್ದ. ಗುಂಡಿಯಲ್ಲಿ ಕೂತಲ್ಲಿಂದಲೇ ಪರದೆ ನೋಡಿದ, ಮೊದಲು ಹುಬ್ಬೇರಿಸಿದ, ಆಮೇಲೆ ಮಗ್ಗದ ಮೇಲಿದ್ದ ತನ್ನ ಸೀರೆಯ ಅಂಚನ್ನು ನೋಡಿದ.

"ಇದ್ಯಾವ ಕೆಂಪವಾ?" ಎಂದ.

"ನಮ್ಮ ಊರಗೆಂಪನ ಮಾಮಾ. ಅದ ಚಿತ್ತಾರ, ಅದ ಬಣ್ಣದ ಅಂಕಿ. ನಾನೇನೂ ಮುಟ್ಟಿಲ್ಲ."

"ಊರಗೆಂಪಂತ. ಹೊಸಾ ಮದುಮಗಳು ಗಲ್ಲಕ್ಕ ಬಳಕೊಂಡ ಬಣ್ಣ ಇದ್ದಾಂಗೈತಿ. ಇಲ್ಲಿ ನೋಡು, ಇದು ಊರಗೆಂಪು." ಅಂಚನ್ನು ಬೆರಳಿನಿಂದ ತಟ್ಟಿ ತೋರಿಸಿದ. ಅದು ಕಾಸಿದ ಬೆಲ್ಲದ ಬಣ್ಣ ಬೆರೆತ ಕೆಂಪು. ಪರದೆಯ ಮೇಲಿದ್ದದ್ದು ದಾಸವಾಳದ ಹಾಗೆ ಕಣ್ಣಿಗೆ ಹಾರುವ ಕೆಂಪು. ಎರಡಕ್ಕೂ ಸಂಬಂಧವೇ ಇರಲಿಲ್ಲ.

ಆ ಊರಗೆಂಪು ಎಂಬುದು ನಮ್ಮೂರ ಹೆಸರು ಗೊತ್ತಿರದವರಿಗೂ ಗೊತ್ತಿರುವ ಬಣ್ಣ. ಅದನ್ನು ಅದ್ದುವವನು ಮಕ್ತುಮಸಾಬ, ಊರಿನ ಒಬ್ಬನೇ ಬಣ್ಣಗಾರ. ಸುದ್ದಿ ಕೇಳಿ ಅವನೂ ಬಂದ. ಹನ್ನೊಂದು ವರ್ಷಗಳಿಂದ ಅವನದೊಂದು ರೂಢಿ: ನೂಲು ಅದ್ದಿ, ಒಣಗಿಸಿ, ಆ ನೂಲಿನ ಕಟ್ಟನ್ನು, ಅಂದರೆ ಲಡಿಯನ್ನು, ಶಿವಲೀಲಾಳ ಪರದೆಯ ಪಕ್ಕ ಹಿಡಿಯುತ್ತಾನೆ. ಎರಡೂ ಒಂದಾಗಿ ಕಂಡರೆ "ಕೂಡ್ತು" ಎನ್ನುತ್ತಾನೆ, ಆ ಲಡಿ ಮಗ್ಗಕ್ಕೆ ಹೋಗುತ್ತದೆ. ಅವತ್ತು ಹೊಸ ಪರದೆಯ ಪಕ್ಕ ಲಡಿ ಹಿಡಿದ. ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ, ಬಾಗಿಲಿನ ಬೆಳಕಿಗೆ ಬಂದು ಹಿಡಿದ. ಕೊನೆಗೆ ಲಡಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ. ಅವನು "ಕೂಡ್ತು" ಎನ್ನದೆ ಹೋದದ್ದನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ.

"ಈ ಹೊಸಾದು ಸುಳ್ಳ ಹೇಳತೈತಿ," ಎಂದು ಕಾಡಪ್ಪ ತೀರ್ಪು ಕೊಟ್ಟ. "ಇದನ್ನ ಇಟಗೊಂಡ್ರ ನಾ ಅಂತೂ ಇದರ ಮುಂದ ಎಳೆ ಎತ್ತೂದಿಲ್ಲ. ಉಳದವ್ರದು ಅವ್ರಿಗೆ ಬಿಟ್ಟದ್ದು." ಸಂಜೆಯ ಹೊತ್ತಿಗೆ ಉಳಿದ ನಲವತ್ತೊಂದು ಮಗ್ಗಗಳೂ ಅದನ್ನೇ ಹೇಳಿದವು.

ಹಿಂದಿರುಗುವಾಗ ಶಿವಲೀಲಾ ನನ್ನ ಜೊತೆಗೇ ಬಂದಳು. ನನ್ನ ಕಟ್ಟೆಗೆ ಬಂದು ಕೂತ ಮೇಲೆ, "ಹಳೇದು ಉಳದ್ರ ನನ್ನ ತೋಳು ಹೋಗತೈತಿ, ಹೊಸಾದು ಉಳದ್ರ ಮಗ್ಗ ಹೋಗತಾವ. ತೂಗಿ ಏನ ಮಾಡ್ತಿ ಆಯಿ, ನಾಳೆ ಯಾವುದರ ಒಂದು ದಾಟಿಸಿಬಿಡು," ಎಂದಳು.

"ಇನ್ನೂ ನಾಕು ದಿನ ಐತಿ."

"ನಾಕು ದಿನದಾಗ ಕೆಂಪು ಬದಲಾಗತೈತೇನು?"

ಅವಳು ಹೋದ ಮೇಲೆ ಎರಡರಲ್ಲೂ ಏನೂ ಬರೆಯದ ಖಾಲಿ ಹಾಳೆಯನ್ನು ತೆರೆದು ಪಕ್ಕ ಪಕ್ಕ ಇಟ್ಟೆ. ಬಿಳಿಯ ಹಾಳೆ. ಹೊಸತರಲ್ಲಿ ಅದು ನೀಲಿ ಹಾಕಿ ಒಗೆದ ಧೋತರದಂತಿತ್ತು. ಹಳೆಯದರಲ್ಲಿ ಮಜ್ಜಿಗೆಯಂತಿತ್ತು, ಅದೂ ನಿನ್ನೆಯ ಮಜ್ಜಿಗೆ. ಹಳೆಯದನ್ನೊಂದೇ ನೋಡಿದಾಗ ಅದು ಬಿಳಿ ಎನ್ನಲು ಯಾರಿಗೂ ಅಡ್ಡಿಯಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಂದ ಮೇಲೆಯೇ ಅದರ ಹಳದಿ ಕಂಡದ್ದು. ಹಾಗಾದರೆ ಇದು ಮೊದಲಿನಿಂದಲೂ ಹೀಗೇ ಇತ್ತೋ, ಅಥವಾ ಆಮೇಲೆ ಹೀಗಾಯಿತೋ? ಯಂತ್ರವನ್ನು ಕೇಳಿದರೆ ಹೇಳುವುದಿಲ್ಲ. ಆದರೆ ಅದು ನೇಯಿಸಿದ ಸೀರೆಗಳು ಊರ ತುಂಬ ಇವೆಯಲ್ಲ.

ಗುರುವಾರ ಬೆಳಿಗ್ಗೆ ನನ್ನ ಟ್ರಂಕು ತೆಗೆದೆ. ತಳದಲ್ಲಿ, ಹಳೆಯ ಲ್ಯಾಪ್‌ಟಾಪು ಊರಿಗೆ ಬಂದ ವರ್ಷ ನೇಯ್ದ ಒಂದು ಸೀರೆಯಿತ್ತು. ಎರಡೇ ಸಲ ಉಟ್ಟದ್ದು, ಬಿಸಿಲು ಕಾಣದ್ದು. ಅದರ ಅಂಚನ್ನು ಹೊಸ ಪರದೆಯ ಪಕ್ಕ ಹಿಡಿದೆ. ಕೂಡ್ತು. ದಾಸವಾಳಕ್ಕೆ ದಾಸವಾಳ, ಎಳೆಯಷ್ಟೂ ವ್ಯತ್ಯಾಸವಿಲ್ಲ. ಮತ್ತೊಮ್ಮೆ ಹಿಡಿದೆ. ಆಮೇಲೆ ಬಾಗಿಲಿಗೆ ಚಿಲಕ ಹಾಕಿಕೊಂಡೆ, ಯಾಕೆಂದರೆ ಇದು ಶಿವಲೀಲಾಳಿಗೆ ಒಳ್ಳೆಯ ಸುದ್ದಿ, ಮಕ್ತುಮಸಾಬನಿಗೆ ಅಲ್ಲ.

ನಾನೊಬ್ಬಳೇ ಹೇಳಿದರೆ ಕಾಡಪ್ಪ ನಂಬುವವನಲ್ಲ. ಶುಕ್ರವಾರ ಓಣಿಯ ಹೆಂಗಸರಿಗೆ ಹೇಳಿ ಕಳಿಸಿದೆ, ಒಂದೊಂದು ವರ್ಷದ ಒಂದೊಂದು ಊರಗೆಂಪಿನ ಸೀರೆ ತನ್ನಿ ಎಂದು. ನಮ್ಮ ಹೆಂಗಸರು ಸೀರೆಯ ವಯಸ್ಸನ್ನು ತಪ್ಪು ಹೇಳುವುದಿಲ್ಲ. "ಇದು ನನ್ನ ಸಣ್ಣಾಕಿ ಹುಟ್ಟಿದ ವರ್ಷದ್ದು," "ಇದು ನಮ್ಮ ಭಾವ ಬಿದ್ದು ಕಾಲು ಮುರಕೊಂಡ ವರ್ಷದ್ದು, ಅವರ ಸಲುವಾಗಿ ಉಡಲೇ ಇಲ್ಲ," ಎನ್ನುತ್ತ ತಂದರು. ನನ್ನ ಕಟ್ಟೆಯ ಮುಂದೆ ಹಗ್ಗ ಕಟ್ಟಿ ವರ್ಷದ ಸಾಲಿನಲ್ಲೇ ಹನ್ನೊಂದನ್ನೂ ನೇತುಹಾಕಿದೆವು, ಅಂಚು ಕೆಳಗೆ ಬರುವ ಹಾಗೆ.

ಎಡತುದಿಯಲ್ಲಿ ದಾಸವಾಳ, ಬಲತುದಿಯಲ್ಲಿ ಬೆಲ್ಲ. ನಡುವೆ ಒಂದರ ಪಕ್ಕ ಒಂದು ನೋಡಿದರೆ ಯಾವ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೂರನೆಯದು ನಾಲ್ಕನೆಯದರಂತೆಯೇ, ನಾಲ್ಕನೆಯದು ಐದನೆಯದರಂತೆಯೇ. ಆದರೆ ಮೊದಲನೆಯದರಿಂದ ಹನ್ನೊಂದನೆಯದಕ್ಕೆ ಕಣ್ಣು ಹಾರಿಸಿದರೆ ಬೇರೆ ಬೇರೆ ಊರಿನ ಸೀರೆಗಳು. ಪರದೆ ವರ್ಷಕ್ಕಿಷ್ಟು ಹಳದಿಯಾಗುತ್ತ ಹೋಗಿತ್ತು. ಮಕ್ತುಮಸಾಬ ಅದಕ್ಕೆ ಕೂಡಿಸುತ್ತ ಹೋಗಿದ್ದ, ನೇಕಾರರು ನೇಯುತ್ತ ಹೋಗಿದ್ದರು, ನಾವು ಉಡುತ್ತ ಹೋಗಿದ್ದೆವು. ಇಡೀ ಊರು ಒಂದು ಯಂತ್ರದ ಮುಪ್ಪಿನ ಹಿಂದೆ ನಡೆದುಕೊಂಡು ಬಂದಿತ್ತು.

ಕಾಡಪ್ಪ ಹಗ್ಗದ ಉದ್ದಕ್ಕೂ ಎರಡು ಸಲ ಹೋಗಿ ಬಂದ. "ಇದರಾಗ ನಾ ನೇಯ್ದದ್ದು ಐದು," ಎಂದ. ಒಂದರ ಅಂಚನ್ನು ಬೆರಳಿನಿಂದ ಸವರಿ, "ಒಂದ ನಮೂನಿ ನೇಯ್ದೀನಿ ಅಂತ ತಿಳದಿದ್ದೆ," ಎಂದ.

"ಹಂಗಾರ ಸುಳ್ಳ ಹೇಳಿದ್ದು ಯಾವುದು ಕಾಡಪ್ಪಾ?" ಎಂದು ಒಬ್ಬಾಕೆ ಕೆಣಕಿದಳು.

"ಸೀರಿ ಹಿಡಕೊಂಡು ಮನೀಗೆ ಹೋಗವಾ, ಗಾಳಿಗೆ ಹಾರಿಗೀರಿ ಹೋದೀತು," ಎಂದು ಅವನು ಆಕಡೆ ತಿರುಗಿದ.

ಹೊಸತು ಸತ್ಯ ಹೇಳುತ್ತದೆ ಎಂಬುದು ಹೀಗೆ ಊರಿಗೆಲ್ಲ ತಿಳಿಯಿತು. ಆದರೆ ಅದರಿಂದ ಶಿವಲೀಲಾಳ ಕೆಲಸ ಉಳಿಯಲಿಲ್ಲ. ಜನ ಎರಡು ಭಾಗವಾದರು. ದಾಸವಾಳವೇ ನಮ್ಮ ನಿಜವಾದ ಕೆಂಪು, ಅಲ್ಲಿಗೇ ಹಿಂದಿರುಗೋಣ ಎಂದರು ಕೆಲವರು. ಕೊಳ್ಳುವವರು ಬರುವುದು ಬೆಲ್ಲಗೆಂಪಿಗೆ, ಈಗ ಬಿಟ್ಟರೆ ಯಾರು ಬರುತ್ತಾರೆ ಎಂದರು ಉಳಿದವರು. ಬಣ್ಣ ಅದ್ದಬೇಕಾದವನು ಮಾತ್ರ ಬಾಗಿಲು ಹಾಕಿಕೊಂಡಿದ್ದ. ಅವನು "ಕೂಡ್ತು" ಎನ್ನದೆ ಯಾವ ಲಡಿಯೂ ಮಗ್ಗ ಹತ್ತುವುದಿಲ್ಲ, ಯಾವ ಲ್ಯಾಪ್‌ಟಾಪು ಉಳಿದರೂ ಅಷ್ಟೇ.

ಶನಿವಾರ ನಾನು ಅವನ ಬಣ್ಣದ ಮನೆಗೆ ಹೋದೆ. ಬಾಗಿಲು ಬಡಿದೆ, ತೆರೆಯಲಿಲ್ಲ. ಹೊಸ್ತಿಲ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು.

"ಹಂಪಕ್ಕಾ, ಅಲ್ಲೇ ಕುಂತೀಯೇನು?"

"ಕುಂತೀನಿ. ನನಗೇನು ಅವಸರ ಐತಿ?"

ಬಾಗಿಲು ತೆರೆದ. ತಾನೂ ಹೊಸ್ತಿಲ ಆಚೆ ಬದಿಗೆ ಕೂತ. ಅವನ ಅಂಗೈಗಳು ಎಂದಿನಂತೆ ಕೆಂಪಾಗಿದ್ದವು. "ನಮ್ಮಜ್ಜ ಕಣ್ಣಿನಿಂದ ಅದ್ದತಿದ್ದ," ಎಂದ. "ನಮ್ಮಪ್ಪ ಕಣ್ಣಿನಿಂದ ಅದ್ದತಿದ್ದ. ನಾನೂ ಇಪ್ಪತ್ತು ವರ್ಷ ಹಂಗ ಅದ್ದೀನಿ. ಆ ಪರದೆ ಬಂತು. ಪಕ್ಕ ಹಿಡಿದ್ರ ಆತು, ಎಷ್ಟ ಸುಲಭ ಅಂದೆ. ಯಾವತ್ತು ನೋಡೂದು ಬಿಟ್ಟೆ ಅಂತನ ನನಗ ಗೊತ್ತಾಗಲಿಲ್ಲಕ್ಕಾ."

"ನೋಡೂದು ಬಿಟ್ಟಿಲ್ಲ. ಪರದೀನ ನೋಡೀದಿ, ಭಾಳ ಚಂದ ನೋಡೀದಿ. ಹನ್ನೊಂದು ವರ್ಷ ಒಂದು ಲಡಿ ತಪ್ಪಿಲ್ಲ."

"ತಪ್ಪಿದ್ದನ್ನ ತಪ್ಪದಾಂಗ ಮಾಡೀನಿ," ಎಂದು ಅವನು ನಕ್ಕ. ಆ ನಗು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು.

"ಸಾಬಣ್ಣಾ, ನಾಳೆ ಏಳನೇ ದಿನ. ಎರಡೂ ಪರದೆ ಮುಚ್ಚಿಡತೀನಿ. ಹಗ್ಗದ ಮ್ಯಾಲಿನ ಸೀರಿ ಒಂದೂ ಇರೂದಿಲ್ಲ. ಒಂದು ಲಡಿ ಊರಗೆಂಪು ಅದ್ದಿಕೊಡು. ನಿನಗ ಯಾವುದು ಊರಗೆಂಪು ಅನಸತೈತಿ ಅದು."

"ಬ್ಯಾರೆ ಏನರ ಬಂದ್ರ?"

"ಬಂದದ್ದು ಬರಲಿ. ಅದರ ಮ್ಯಾಲ ತೂಗತೀನಿ."

ಅವನು ಎದ್ದು ಒಳಗೆ ಹೋದ. ಭಾನುವಾರ ಮುಂಜಾನೆ ಅವನ ಮನೆಯ ಸೂರಿನಿಂದ ಹೊಗೆ ಏಳುವುದನ್ನು ನೋಡಿ ಶಿವಲೀಲಾ ಓಡಿಬಂದು ನನಗೆ ಹೇಳಿದಳು.

ಅದ್ದುವುದನ್ನು ನೋಡಲು ಅರ್ಧ ಊರು ಅವನ ಅಂಗಳದಲ್ಲಿ ನೆರೆದಿತ್ತು. ಅವನು ಯಾರನ್ನೂ ನೋಡಲಿಲ್ಲ. ನೀರು ಕಾಯಿಸಿದ, ಬಣ್ಣ ಹಾಕಿದ, ಕೋಲಿನಲ್ಲಿ ಎತ್ತಿ ಹನಿ ನೋಡಿದ, ಮತ್ತಷ್ಟು ಹಾಕಿದ. ಒಮ್ಮೆ ಪೂರ್ತಿ ಚೆಲ್ಲಿ ಮೊದಲಿನಿಂದ ಶುರು ಮಾಡಿದ. ಆಗ ಹೊತ್ತು ನೆತ್ತಿ ದಾಟಿತ್ತು. ಶಿವಲೀಲಾ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಎರಡನೆಯ ಸಲ ಲಡಿ ಮೇಲೆ ಬಂದಾಗ ಅದು ಬರೀ ಕಪ್ಪಾಗಿ ಕಂಡಿತು. ಹಸಿ ನೂಲು ಯಾರಿಗೂ ತನ್ನ ಬಣ್ಣ ಹೇಳುವುದಿಲ್ಲ, ಒಣಗಬೇಕು. ನೆರಳಿನಲ್ಲಿ ಕಟ್ಟಿದರು. ಕಾಡಪ್ಪ ತನ್ನ ರುಮಾಲು ಬಿಚ್ಚಿ ಗಾಳಿ ಬೀಸತೊಡಗಿದ. "ಮೊನ್ನೆತನಾ ಸುಳ್ಳ ಸುಳ್ಳ ಅಂತಿದ್ದಿ, ಈಗ ಗಾಳಿ ಬೀಸತೀಯಲ್ಲೋ," ಎಂದರು ಯಾರೋ. "ನಾ ನನಗ ಬೀಸಕೊಳ್ಳಾಕತ್ತೀನಿ, ಲಡಿ ನಡುವ ಬಂದೈತಿ," ಎಂದ.

ಮೂರೂವರೆಗೆ ಲಡಿ ಒಣಗಿತು. ದಾಸವಾಳವಲ್ಲ. ಬೆಲ್ಲವೂ ಅಲ್ಲ. ಹಗ್ಗದ ಮೇಲಿದ್ದ ಹನ್ನೊಂದರಲ್ಲಿ ಯಾವುದೂ ಅಲ್ಲ. ಆಗ ತಾನೇ ಒಡೆದ ದಾಳಿಂಬೆಯ ಒಳಗಿನ, ನೆರಳು ಬಿದ್ದ ಕಡೆಯ ಕೆಂಪು. ಮಕ್ತುಮಸಾಬ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿನ ಬೆಳಕಿಗೆ ಬಂದ, ಬಹಳ ಹೊತ್ತು ನೋಡಿದ. "ಇದು ನನ್ನದು," ಎಂದ. ಯಾರೂ ವಾದ ಮಾಡಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು ಅದನ್ನು ಕೆನ್ನೆಗೆ, ಮುಂಗೈಗೆ ಹಿಡಿದು ನೋಡಿದರು. ಇಷ್ಟವಾಗದಿದ್ದರೆ ನಮ್ಮ ಹೆಂಗಸರು ಹಾಗೆ ಮಾಡುವುದಿಲ್ಲ.

ಇನ್ನು ತೂಗುವುದು ನನ್ನ ಕೆಲಸ. ಎರಡನ್ನೂ ತೆರೆಸಿ ಲಡಿಯನ್ನು ನಡುವೆ ಇಟ್ಟೆ. "ಇಷ್ಟು ದಿನ ನೂಲು ಪರದೀಗೆ ಕೂಡತಿತ್ತು," ಎಂದೆ. "ಈಗ ಪರದೀ ನೂಲಿಗೆ ಕೂಡಲಿ. ಮೊದಲು ಹಳೇದಕ್ಕ ಅವಕಾಶ ಕೊಡು." ಶಿವಲೀಲಾ ಹಳೆಯದರ ಮುಂದೆ ಕೂತು ಬಣ್ಣದ ಅಂಕಿಗಳನ್ನು ಸರಿಸಿದಳು. ಅದು ತನ್ನ ಕೈಲಾದಷ್ಟು ಮಾಡಿತು. ಪಂಖ ಗುರುಗುಟ್ಟಿತು, ಕೆಂಪು ಮೇಲೇರಿತು, ಇಳಿಯಿತು. ಆದರೆ ಹಳದಿಯ ಕಡೆಗೇ ವಾಲುತ್ತಿತ್ತು. ಇನ್ನೇನು ಹತ್ತಿರ ಬಂತು ಎನ್ನುವಾಗ ಮಬ್ಬಾಗುತ್ತಿತ್ತು. ಇಪ್ಪತ್ತು ಸಲ ನೋಡಿದಳು. ನಾನು ಸಾಕು ಎನ್ನಲಿಲ್ಲ, ಅವಳೇ ಕೈ ತೆಗೆದಳು.

ಹೊಸತರ ಮುಂದೆ ಕೂತಳು. ಅಂಕಿ ಒಂದಿಷ್ಟು ಸರಿಸಿದರೆ ಕೆಂಪು ಒಂದಿಷ್ಟೇ ಸರಿಯುತ್ತಿತ್ತು, ಹೇಳಿದಷ್ಟು ಮಾತ್ರ, ಹೆಚ್ಚಿಲ್ಲ, ಕಡಿಮೆಯಿಲ್ಲ. ದಾಸವಾಳದಿಂದ ಇಳಿಯುತ್ತ ಬಂತು, ಹನ್ನೊಂದು ವರ್ಷಗಳ ಒಂದೊಂದು ಕೆಂಪನ್ನೂ ದಾಟುತ್ತ ಬಂತು. ಮಕ್ತುಮಸಾಬ ಲಡಿ ಹಿಡಿದು ಪಕ್ಕದಲ್ಲಿ ಬಗ್ಗಿ ನಿಂತಿದ್ದ. "ಇನ್ನೊಂದು ಕೂದಲು," ಎನ್ನುತ್ತಿದ್ದ. "ಹಿಂದಕ್ಕ. ಅರ್ಧ ಕೂದಲು ಮುಂದ." ಆ ಯಂತ್ರ ಅರ್ಧ ಕೂದಲೂ ಸರಿಯಬಲ್ಲುದಾಗಿತ್ತು. ಎಂಥೆಂಥ ಒಳ್ಳೆಯ ವಸ್ತುಗಳನ್ನು ನಾನು ನೋಡಿದ್ದೇನೆ, ಆದರೆ ಇಷ್ಟು ಶಕ್ತಿಯಿದ್ದೂ ಇಷ್ಟು ವಿಧೇಯವಾದದ್ದನ್ನು ನೋಡಿರಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಶಿವಲೀಲಾಳ ಬೆರಳು ನಿಂತಿತು.

ಮಕ್ತುಮಸಾಬ ಲಡಿಯನ್ನು ನೋಡಿದ, ಪರದೆಯನ್ನು ನೋಡಿದ, ಮತ್ತೆ ಲಡಿಯನ್ನು ನೋಡಿದ.

"ಕೂಡ್ತು," ಎಂದ.

"ಹೊಸಾದು ಉಳೀತು," ಎಂದೆ ನಾನು. ಆ ಮಾತು ಹೇಳಿದ ಮೇಲೆ ತೂಗುವವಳಿಗೆ ಅಲ್ಲಿ ನಿಲ್ಲುವ ಹಕ್ಕಿಲ್ಲ. ಕಾಡಪ್ಪ ಆಗಲೇ ಶಿವಲೀಲಾಳಿಗೆ, ಮೊದಲು ನನ್ನ ಮಗ್ಗಕ್ಕ ಬಾ, ಒಂದು ಸೆರಗು ಅರ್ಧಕ್ಕ ನಿಂತೈತಿ ಎಂದು ಗಂಟುಬಿದ್ದಿದ್ದ. ನಾನು ಹಳೆಯದನ್ನು ಅದರ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡೆ. ಅಂಗಳ ದಾಟುವಷ್ಟರಲ್ಲಿ ಆ ಪಟ್ಟಿ ಕತ್ತಿನ ಬುಡದಲ್ಲಿ ಕೂತಿತು. ಗಡಿಕಲ್ಲು ಮುಟ್ಟುವಷ್ಟರಲ್ಲಿ ನನ್ನ ಅರ್ಧ ಮೈ ಅತ್ತ ಬಾಗಿತ್ತು. ತಕ್ಕಡಿ ನನಗೆ ಮೂರೂಮುಕ್ಕಾಲು ಕಿಲೋ ಎಂದಿತ್ತು. ಹೆಗಲು ಬೇರೆ ಲೆಕ್ಕ ಹೇಳಿತು, ನಲವತ್ತೆರಡು ಮಗ್ಗ, ದಿನಾಲೂ.

ಕಲ್ಲಿನ ಆಚೆ, ಮೊದಲೇ ಹೇಳಿ ಕಳಿಸಿದ್ದಂತೆ, ಆಚೆಯೂರಿನ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರು ತೆರೆದು ನೋಡಲಿಲ್ಲ. "ಅಕ್ಷರ ಕಾಣತಾವಲ್ರಿ?" ಎಂದರು. ಚಂದ ಕಾಣತಾವ ಎಂದೆ. ಗುಂಡಿಗೆ ಬಿದ್ದರೂ ಸಾಯುವುದಿಲ್ಲ ಎಂದೂ ಹೇಳಿದೆ. ಕ್ಯಾರಿಯರಿಗೆ ಕಟ್ಟಿಕೊಂಡು ಹೋದರು. ಇಳಿಜಾರಿನಲ್ಲಿ ಸೈಕಲ್ ಸಣ್ಣದಾಗುತ್ತ ಹೋಯಿತು. ನಾನು ಕಲ್ಲು ದಾಟಿ ಈಚೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಎದುರಿನಿಂದ ಶಿವಲೀಲಾ ಓಡಿಬರುವುದು ಕಂಡಿತು. ತುರುಬು ಬಿಚ್ಚಿತ್ತು.

"ಆಯಿ, ಯಾವುದು ಕೊಟ್ಟಿ? ಯಾವುದು ಕೊಟ್ಟಿ ಹೇಳು."

"ಹಳೇದು ಕೊಟ್ಟೆ. ಇನ್ಯಾವುದು ಕೊಡಲಿ?"

"ಇಲ್ಲ, ಹೊಸಾದು ಹೋಗೈತಿ. ಕಾಡಪ್ಪ ಮಾಮಾನ ಬಾಗಿಲಿಗೆ ಹೋಗಿ ನೋಡತೀನಿ, ಹೆಗಲ ಮ್ಯಾಲ ಏನೂ ಇಲ್ಲ. ನೀ ಎರಡೂ ಒಂದ ಚೀಲದಾಗ ಹಾಕ್ಕೊಂಡಿ. ಬಿಡು, ಅಕ್ಕೋರು ಇನ್ನೂ ಕಾಣಾಕತ್ತಾರ."

ಅವಳು ನನ್ನನ್ನು ದಾಟಿ ಕಲ್ಲಿನ ಕಡೆಗೆ ನುಗ್ಗಿದಳು. ಅವಳ ಎಡಹೆಗಲಿನಿಂದ ತೆಳ್ಳನೆಯ ಕರಿ ಚೀಲವೊಂದು ಜೋತಾಡುತ್ತ ಸೊಂಟಕ್ಕೆ ಬಡಿಯುತ್ತಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ; ಈಗ ಅದೂ ಕಲ್ಲು ದಾಟಿದರೆ ಊರಿನಲ್ಲಿ ಮತ್ತೆ ಬೆಳಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನಾನು ಓಡುತ್ತೇನೆಂದು ಎಣಿಸಿರಲಿಲ್ಲ, ಓಡಿದೆ. ಕಲ್ಲಿಗೆ ಎರಡು ಮಾರು ಇರುವಾಗ ಅವಳ ಸೆರಗು ನನ್ನ ಕೈಗೆ ಸಿಕ್ಕಿತು. ಎಳೆದ ರಭಸಕ್ಕೆ ಇಬ್ಬರೂ ಹಾದಿಯ ಮಣ್ಣಿನಲ್ಲಿ ಕೂತೆವು.

"ನಿನ್ನ ಎಡಗಡೆ ಏನೈತಿ ನೋಡಿಕೊ," ಎಂದೆ, ಉಸಿರು ಸಿಕ್ಕ ಮೇಲೆ.

ನೋಡಿದಳು. ಮುಟ್ಟಿದಳು. ಚೀಲದ ಬಾಯಿ ತೆರೆದು ಒಳಗೆ ಕೈಹಾಕಿ ಮುಚ್ಚಳ ಎತ್ತಿದಳು. ಪರದೆ ಬೆಳಗಿ ಆ ದಾಳಿಂಬೆಯ ಕೆಂಪು ಅವಳ ಗಲ್ಲದ ಮೇಲೆ ಬಿತ್ತು. ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ಎರಡರದ್ದೂ ಸದ್ದು ಬಂತು.

"ಭಾರ ಹತ್ತಲಿಲ್ಲ ಆಯಿ," ಎಂದಳು. "ಹನ್ನೊಂದು ವರ್ಷ ಆತು, ಭಾರ ಇಲ್ಲಂದ್ರ ಮರತು ಬಂದೀನಿ ಅಂತನ ಲೆಕ್ಕ."

ಹೊತ್ತು ಮುಳುಗುವವರೆಗೂ ನಾವು ಅಲ್ಲೇ ಕೂತೆವು. ಮುಳುಗಿದ ಮೇಲೂ ಪರದೆ ಆರಲಿಲ್ಲ. ಆಗ ಅವಳು ಎದ್ದು ಮೈಯ ಮಣ್ಣು ಕೊಡವಿಕೊಂಡು ಚೀಲವನ್ನು ಬಲಹೆಗಲಿಗೆ ಹಾಕಿ ನೋಡಿದಳು, ತೆಗೆದು ಎಡಕ್ಕೆ ಹಾಕಿ ನೋಡಿದಳು. "ಕಾಡಪ್ಪ ಮಾಮಾ ಗುಂಡಿಯೊಳಗ ಕಾಯಾಕತ್ತಿರತಾನ," ಎನ್ನುತ್ತ ಕೊನೆಗೆ ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಇದೆ ಎಂದು ಗೊತ್ತಾಗುತ್ತಿರಲಿ ಎಂದು, ನನಗಿಂತ ಮುಂದೆ ನಡೆದಳು.